ಮಣ್ಣಿನ ಎಡಗಾಲು

ಓಷಾದಾರೆಯ ಮನೆಯಲ್ಲಿ ಹೆಂಡದ ಹೆಸರೆತ್ತಿದರೂ ಅಜ್ಜಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅವರದು ಒಬಾತಾಲಾ ದೇವರ ಒಕ್ಕಲು. ಬಸುರಿಯ ಹೊಟ್ಟೆಯೊಳಗೆ ಮಣ್ಣು ಮಿದ್ದು ಕೂಸಿನ ಕೈಕಾಲು ತಿದ್ದುವವನು ಆ ಬಿಳಿಬಟ್ಟೆಯ ದೇವರೇ. ಹಿಂದೊಮ್ಮೆ ಬಾಯಾರಿ ತಾಳೆಹೆಂಡ ಕುಡಿದ, ಅಮಲಿನಲ್ಲಿ ಸೊಟ್ಟ ಕಾಲು, ಗೂನು ಬೆನ್ನು ತಿದ್ದಿಬಿಟ್ಟ. ಅಮಲಿಳಿದ ಮೇಲೆ ಅತ್ತುಕೊಂಡು, ಅಂಥವರೆಲ್ಲ ನನ್ನವರು ಎಂದು ಮಡಿಲಿಗೆ ಹಾಕಿಕೊಂಡ. ಇನ್ನು ನನ್ನ ಒಕ್ಕಲು ಹೆಂಡ ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿದ.

ಆ ಕತೆಯನ್ನೇ ಒಗುಂದಿರನ್ ಯಜಮಾನ ನಾಟಕ ಮಾಡಿದ್ದ. ಪರದೆ, ಡೋಲು, ಜನರೇಟರು ಎಲ್ಲವನ್ನೂ ಲಾರಿಗೆ ಹೇರಿಕೊಂಡು ಊರೂರು ಸುತ್ತುವ ಕಂಪನಿ ಅವನದು. ದೇವರ ಪಾತ್ರ ಓಷಾದಾರೆಗೆ. ಸೋರೆಬುರುಡೆಯಲ್ಲಿ ಇರುತ್ತಿದ್ದುದು ಬಿಳಿಮಣ್ಣು ಕದಡಿದ ನೀರು. ಅದನ್ನು ಕುಡಿದು, ಜನರೆದುರೇ ಹಸಿಮಣ್ಣಿನ ಕೂಸು ಮಾಡಿ, ಕೊನೆಗೆ ಅದರ ಎಡಗಾಲು ತಿರುಚಬೇಕು. ಯಜಮಾನನಿಗೆ ಸಮಾಧಾನವಿಲ್ಲ. ಹುಟ್ಟಿದಾಗಿನಿಂದ ಹೆಂಡ ಮೂಸದವನು ಅಮಲು ಆಡಿ ತೋರಿಸುತ್ತಾನಂತೆ, ನೋಡಿದವರು ಆಕಳಿಸುತ್ತಾರೆ ಎಂದು ಹಂಗಿಸುತ್ತಲೇ ಇದ್ದ.

ಮೇಳದಲ್ಲಿ ಹಾಡುತ್ತಿದ್ದ ಓಷಾದಾರೆಯ ಹೆಂಡತಿ ಆವೆರೊ ಆಗ ತುಂಬು ಬಸುರಿ. ಎದುರು ಸಿಕ್ಕ ಮುದುಕಿಯರೆಲ್ಲ, ದೇವರು ಚೆಂದಾಗಿ ತಿದ್ದಲಿ ಎಂದು ಹರಸುತ್ತಿದ್ದರು. ಹಿಂದಿನ ಎರಡು ಬಸಿರು ನಿಂತಿರಲಿಲ್ಲ. ಈ ಸಲವಾದರೂ ಒಂದು ಕೂಸು ನೆಟ್ಟಗೆ ಕೈಗೆ ಬರಲಿ ಎಂದು ಓಷಾದಾರೆ ಜೀವ ಬಿಗಿಹಿಡಿದು ಕಾಯುತ್ತಿದ್ದ.

ಎಜಿಗ್ಬೊ ಊರಿನ ಶಾಲೆಯ ಅಂಗಳದಲ್ಲಿ ಇಳಿಹೊತ್ತಿನ ಆಟ. ಓಷಾದಾರೆ ಬುರುಡೆ ಎತ್ತಿ ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡದ್ದೇ ನಾಲಿಗೆ ಚುರ್ರೆಂದಿತು. ಹುಳಿ, ನೊರೆ, ಬಿಳಿಮಣ್ಣಿನ ನೀರಲ್ಲ, ತಾಳೆಹೆಂಡ. ಪರದೆಯ ಸಂದಿಯಲ್ಲಿ ಯಜಮಾನ ಹಲ್ಲು ಕಿರಿಯುತ್ತಿದ್ದ. ಉಗುಳಬೇಕಿತ್ತು, ಪುಣ್ಯಾತ್ಮ ಉಗುಳಲಿಲ್ಲ. ಎದುರಿಗೆ ಊರಿಗೆ ಊರೇ ಕೂತಿತ್ತು. ಆಟ ಕೆಟ್ಟೀತೆಂದು ನುಂಗಿಬಿಟ್ಟ.

ಕೈ ಮಣ್ಣಿಗೆ ಹೋಯಿತು. ಅವನು ಚಾಚಿರಲಿಲ್ಲ, ತಾನಾಗಿ ಹೋಯಿತು. ಎಂದೂ ಇಲ್ಲದ ನಯದಲ್ಲಿ ಬೆರಳುಗಳು ತಲೆ ತೀಡಿದವು, ಬೆನ್ನು ತೀಡಿದವು. ಹೆಬ್ಬೆರಳು ಸೊಂಟ ಒತ್ತಿದ್ದೇ ತಡ, ಪರದೆಯ ಹಿಂದೆ ಆವೆರೊಳ ಹಾಡು ನಿಂತಿತು. ಭುಜ ಒತ್ತಿದರೆ ಅವಳು ನರಳಿದಳು. ತನ್ನ ಬೆರಳು ಎಲ್ಲಿ ಆಡುತ್ತಿದೆ ಎಂದು ಓಷಾದಾರೆಗೆ ಗೊತ್ತಾಗಿಹೋಯಿತು.

ಕೈ ಎಡಗಾಲಿಗೆ ಬಂದು ತಿರುಚಿತು. ಅವಳು ಕಿರುಚಿಕೊಂಡಳು. ಅವನು ಹಲ್ಲು ಕಚ್ಚಿ ಕಾಲನ್ನು ನೆಟ್ಟಗೆ ಮಾಡಿದರೆ, ಅದೇ ಕೈ ಮತ್ತೆ ತಿರುಚಿತು. ಇಂಥ ಅಮಲಿನ ಆಟವನ್ನು ಜನ ಕಂಡೇ ಇರಲಿಲ್ಲ, ಚಪ್ಪಾಳೆಯೋ ಚಪ್ಪಾಳೆ. ಅವನು ಮಣ್ಣಿನ ಕೂಸಿನ ಮುಂದೆ ಬಗ್ಗಿ ನಾಟಕದಲ್ಲಿಲ್ಲದ ಮಾತು ಆಡಿದ.

"ಅಪ್ಪಾ, ಕುಡಿದೋನು ನಾನು. ಅವಳೇನು ಮಾಡಿದ್ಲು, ಕೂಸಿಗೇನು ಗೊತ್ತು? ತಿರುಚಲೇಬೇಕು ಅಂದ್ರೆ ನಂದು ತಗೋ."

ಮುಂದಿನ ಸಾಲಿನಲ್ಲಿ ಕೂತಿದ್ದ, ಒಬಾತಾಲಾ ಗುಡಿಯ ಬಿಳಿಬಟ್ಟೆಯ ಮುದುಕಿ ಎದ್ದು ನಿಂತಳು.

"ಕೊಟ್ಟಾಯ್ತು ಕಣೋ ಮಗಾ. ಇನ್ನು ವಾಪಸ್ ಇಲ್ಲ."

ಚಪ್ಪಾಳೆ ಅಲ್ಲಿಗೇ ನಿಂತಿತು. ಕೈ ಸುಮ್ಮನಾಯಿತು. ಓಷಾದಾರೆ ಮಣ್ಣಿನ ಕಾಲನ್ನು ಮೆಲ್ಲಗೆ ನೆಟ್ಟಗೆ ಮಾಡಿದ, ಈ ಸಲ ಅದು ಹಾಗೇ ಉಳಿಯಿತು. ಏಳಹೋದರೆ ಅವನ ಎಡಪಾದ ಒಳಕ್ಕೆ ತಿರುಗಿಕೊಂಡಿತ್ತು. ಒಂದಿಷ್ಟೂ ನೋವಿರಲಿಲ್ಲ, ಭಯವಾದದ್ದು ಅದಕ್ಕೇ.

ಹೆಣ್ಣು ಹುಟ್ಟಿತು. ಕೈಕಾಲು ಸರಿಯಾಗಿದ್ದವು. ಓಷಾತೋಲಾ ಎಂದು ಹೆಸರಿಟ್ಟರು. ಯಜಮಾನ ಈಗ ಬುರುಡೆಯ ನೀರನ್ನು ತಾನೇ ಮೊದಲು ಕುಡಿದು ನೋಡಿ ಕೊಡುತ್ತಾನೆ, ಓಷಾದಾರೆಯ ಕಾಲ ಕಡೆ ಮಾತ್ರ ಕಣ್ಣು ಹಾಯಿಸುವುದಿಲ್ಲ.

ಮಗು ಎದ್ದು ಹೆಜ್ಜೆಯಿಟ್ಟ ಬೆಳಿಗ್ಗೆ ಗಂಡಹೆಂಡಿರಿಬ್ಬರೂ ಅಂಗಳದಲ್ಲೇ ಇದ್ದರು. ಬಲಗಾಲು ಊರಿತು. ಆಮೇಲೆ ಎಡಗಾಲನ್ನು ಒಳಕ್ಕೆ ತಿರುಗಿಸಿ, ಎಳೆದುಕೊಂಡು ಬಂತು. ನಗುತ್ತಿದ್ದ ಆವೆರೊ ಓಡಿಹೋಗಿ ಆ ಕಾಲು ಹಿಡಿದು, ನೀವಿ ನೋಡಿದಳು. ನೆಟ್ಟಗೇ ಇತ್ತು.

"ನಿಮ್ಮನ್ನ ನೋಡಿ ಕಲ್ತಿದೆ, ಅಷ್ಟೇ ಕಣ್ರೀ," ಎಂದಳು. ಹಿಡಿದ ಕಾಲನ್ನು ಮಾತ್ರ ಬಿಡಲಿಲ್ಲ.

ಇದ್ದರೂ ಇರಬಹುದು. ಅಂದಿನಿಂದ ಮಗಳು ಎದ್ದು ನಿಂತಳೆಂದರೆ ಸಾಕು, ಓಷಾದಾರೆ ಎಲ್ಲಿದ್ದರೆ ಅಲ್ಲೇ ಕೂತುಬಿಡುತ್ತಾನೆ.