ಕೆಂಪು ಗೂಟದೊಳಗಿನ ಹೊಸ್ತಿಲು

ಬಾಗಿಲ ಹೊರಗೆ ಆಫೀಸಿನ ಆ ಹೊಸ ಹುಡುಗಿಯ ಬೂಟುಗಳಿದ್ದವು. ಲೇಸು ಪೂರ್ತಿ ಬಿಚ್ಚದೆ ಕಾಲು ಕಿತ್ತುಕೊಂಡು ಒಳಗೆ ಓಡಿದವರ ಬೂಟು. ಒಂದು ಮಗ್ಗುಲಾಗಿ ಬಿದ್ದಿತ್ತು, ಇನ್ನೊಂದು ಅಮ್ಮನ ಸವೆದ ಚಪ್ಪಲಿಯ ಮೇಲೇರಿ ಕೂತಿತ್ತು. ಕಲ್ಲು ಮೇಡಂ ಬೀಗದ ಕೈ ಹಿಡಿದುಕೊಂಡು ಅಲ್ಲೇ ನಿಂತರು. ಬಾಗಿಲು ಬರೀ ಮುಂದಕ್ಕೆ ಮಾಡಿತ್ತು. ಒಳಗಿನಿಂದ ಅಮ್ಮನ ನಗು ಕೇಳುತ್ತಿತ್ತು, ಉಸಿರು ಸಿಕ್ಕಿಹಾಕಿಕೊಳ್ಳುವಂಥ ನಗು.

"ನಮ್ಮ ಕೋಳೀನ ತನ್ನ ಕೋಳಿ ಅಂತ ಕಂಕುಳಲ್ಲಿ ಇಟ್ಕೊಂಡು ಹೊರಟೇಬಿಟ್ಟಳು ಕಣೇ, ಪಕ್ಕದ ಮನೆಯವಳು! ನಮ್ಮಮ್ಮ ಸುಮ್ನಿರ್ತಾಳಾ? ಹಿಟ್ಟಿನ ಕೈಯಲ್ಲೇ ಓಡಿಹೋಗಿ ಅವಳ ಜುಟ್ಟು ಹಿಡಿದಳು."

"ಆಮೇಲೆ? ಕೋಳಿ ಏನಾಯ್ತಮ್ಮ?"

"ಕೋಳೀನಾ? ಅದು ಇಬ್ಬರನ್ನೂ ಬಿಟ್ಟು ಬೇಲಿ ಹಾರಿ ಹೋಯ್ತು!"

ಮತ್ತೆ ಇಬ್ಬರೂ ನಕ್ಕರು. ಹೊರಗೆ ನಿಂತ ಕಲ್ಲು ಮೇಡಂಗೆ ಉರಿಯಿತು. ಅಜ್ಜಿ ಅನ್ನಬೇಕಾದ ವಯಸ್ಸಿನವಳು ಬಾಯಿ ತುಂಬ ಅಮ್ಮ ಅಂತಾಳೆ. ಅಮ್ಮನೋ, ಹೆತ್ತ ಮಗಳಿಗೆ ಒಂದು ದಿನವೂ ಹೇಳದ ಕಥೆಯನ್ನು, ಆಫೀಸಿಗೆ ಮೊನ್ನೆ ಮೊನ್ನೆ ಬಂದವಳ ಮುಂದೆ ಗಂಟು ಬಿಚ್ಚಿ ಹರಡಿಕೊಂಡು ಕೂತಿದ್ದಾಳೆ.

ಕಥೆ ಎಂದರೆ ಸುಮ್ಮನೆ ಯಾವುದೋ ಕಥೆಯಲ್ಲ. ಪೇಟೆಯ ಆಚೆ, ಗುಡ್ಡಗಳ ಮಧ್ಯೆ ಸೈನ್ಯದ ಫೈರಿಂಗ್ ರೇಂಜ್ ಇದೆಯಲ್ಲ, ಅಲ್ಲಿ ಒಂದು ಕಾಲಕ್ಕೆ ಊರಿತ್ತು. ಅಮ್ಮ ಹುಟ್ಟಿದ ಊರು. ಗುಂಡು ಹಾರಿಸಿ ಅಭ್ಯಾಸ ಮಾಡಲು ಜಾಗ ಬೇಕೆಂದು ಸೈನ್ಯದವರು ಊರನ್ನು ಖಾಲಿ ಮಾಡಿಸಿದಾಗ ಅಮ್ಮ ಇನ್ನೂ ಚಿಕ್ಕವಳು. ಈಗ ಉಳಿದಿರುವುದು ಮೋಟು ಗೋಡೆಗಳು, ಒಂದು ಬಾವಿ, ಮುಳ್ಳು. ಆ ಮೋಟು ಗೋಡೆಗಳನ್ನು ನೋಡಿಕೊಳ್ಳುವುದೇ ಮೇಡಂ ಕೆಲಸ. ಸೈನ್ಯದ ಜಮೀನಿನಲ್ಲಿ ಹಳೆಯದು ಏನಿದ್ದರೂ ಹಾಳಾಗಬಾರದೆಂದು ಸರ್ಕಾರ ಒಂದು ಪರಂಪರೆ ವಿಭಾಗ ಮಾಡಿ, ಹಳೆಯ ಕುದುರೆ ಲಾಯವೊಂದನ್ನು ಅದಕ್ಕೆ ಆಫೀಸಾಗಿ ಕೊಟ್ಟಿತ್ತು. ತಲೆಗೂದಲು ಕಪ್ಪಿದ್ದಾಗ ಅಲ್ಲಿಗೆ ಸೇರಿದ ಮೇಡಂ ಅಲ್ಲೇ ನರೆತರು. ಕಲ್ಲು ಕಂಡಲ್ಲಿ ಕೂತುಬಿಡುವ ಅವರಿಗೆ ಕಲ್ಲು ಮೇಡಂ ಎಂದು ಹೆಸರಿಟ್ಟವರು ಸಿಪಾಯಿಗಳು. ಅವರಿಗೂ ಆ ಹೆಸರು ಒಗ್ಗಿಹೋಗಿತ್ತು.

ಅಷ್ಟು ವರ್ಷ ಅಲ್ಲಿ ಓಡಾಡಿದರೂ ಅಮ್ಮನ ಮನೆ ಯಾವುದೆಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಕೇಳಿದಾಗಲೆಲ್ಲ ಅಮ್ಮ, "ಯಾವುದೋ ಒಂದು, ಬಿಡು," ಅನ್ನುತ್ತಿದ್ದಳು. ವರ್ಷಕ್ಕೊಂದು ದಿನ ಗುಂಡು ನಿಲ್ಲಿಸಿ ಹಳೆ ಊರಿನವರನ್ನು ಒಳಗೆ ಬಿಡುತ್ತಾರೆ. ಮುದುಕರು ಮೊಮ್ಮಕ್ಕಳ ಕೈ ಹಿಡಿದು ಬಂದು, ಮುಳ್ಳಿನ ನಡುವೆ ನಿಂತು ಇಲ್ಲೇ ಇಲ್ಲೇ ಎಂದು ತೋರಿಸುತ್ತಾರೆ. ಅಮ್ಮ ಒಮ್ಮೆಯೂ ಬಂದವಳಲ್ಲ. ಆ ದಿನ ಬಂತೆಂದರೆ ಅವಳ ಮಂಡಿನೋವು ತಪ್ಪದೆ ಹಾಜರಾಗುತ್ತಿತ್ತು.

ಮೇಡಂ ಬಾಗಿಲು ತಳ್ಳಿದರು. ಒಳಗಿನ ನಗು ಕತ್ತರಿಸಿದ ಹಾಗೆ ನಿಂತಿತು.

"ಬಂದೆಯಾ? ಚಹಾ ಪಾತ್ರೆಯಲ್ಲಿದೆ, ಬಿಸಿ ಮಾಡ್ಕೋ," ಅಂದಳು ಅಮ್ಮ.

ಹುಡುಗಿಯ ಕೈಯಲ್ಲಿ ಬಿಸಿ ಲೋಟ ಹಬೆಯಾಡುತ್ತಿತ್ತು.

*

ಮರುದಿನ ಬೆಳಿಗ್ಗೆ ಆಫೀಸಿನಲ್ಲಿ ಹುಡುಗಿ ಮೇಜಿನ ಮೇಲೆ ರೇಂಜಿನ ನಕ್ಷೆ ಹರಡಿದಳು. ಅವಳ ಮುಖ ಅರಳಿತ್ತು. ಅವಳ ಮುಖ ಅರಳದ ದಿನವೇ ಇರಲಿಲ್ಲ ಅನ್ನುವುದು ಮೇಡಂಗೆ ಇನ್ನೊಂದು ಉರಿ.

"ಮೇಡಂ, ಅಮ್ಮನ ಮನೆ ಸಿಕ್ತು."

"ಯಾರ ಅಮ್ಮನ ಮನೆ?"

ಹುಡುಗಿಗೆ ಆ ಕೊಂಕು ತಾಗಲಿಲ್ಲ. "ನಿಮ್ಮಮ್ಮಂದೇ ಮೇಡಂ! ಹೊಸ್ತಿಲ ಕಲ್ಲಲ್ಲಿ ಹೆಬ್ಬೆಟ್ಟು ಕೂರೋಷ್ಟು ಒಂದು ಕುಳಿ ಇತ್ತಂತೆ. ಮಕ್ಕಳೆಲ್ಲ ಅದರಲ್ಲಿ ಬಾದಾಮಿ ಇಟ್ಟು ಕಲ್ಲಲ್ಲಿ ಒಡೀತಿದ್ರಂತೆ. ನೀವು ತೆಗೆದ ಹಳೆ ಫೋಟೋ ಎಲ್ಲ ಹುಡುಕಿ ನೋಡಿದೆ. ಬಾವಿಯ ಮೇಲ್ಗಡೆ ಇದೆಯಲ್ಲ, ಕೆಂಪು ಗೂಟದ ಮನೆ, ಅದೇ. ನೀವು ಅದನ್ನ ಬಾಗಿಲ ತಿರುಗಣೆ ಕೂರೋ ಕುಳಿ ಅಂತ ಗುರುತು ಹಾಕಿದ್ರಿ. ಯಾರಿಗಾದ್ರೂ ಹಾಗೇ ಅನ್ಸುತ್ತೆ, ಬಿಡಿ."

ಯಾರಿಗಾದರೂ. ಮೇಡಂ ನಕ್ಷೆಯಿಂದ ಕಣ್ಣು ಎತ್ತಲಿಲ್ಲ. ಆ ಮನೆ ಅವರಿಗೆ ಅಂಗೈಯಷ್ಟೇ ಗೊತ್ತಿತ್ತು. ಉಳಿದ ಗೋಡೆಗಳಿಗಿಂತ ಗಟ್ಟಿಯಾದದ್ದು, ಗೂಡು, ಒಲೆ, ಮಾಡಿನ ತೊಲೆ ಕೂತ ಗುರುತು ಎಲ್ಲ ಉಳಿಸಿಕೊಂಡದ್ದು. ಆ ಹೊಸ್ತಿಲ ಮೇಲೆ ಕೂತು ಎಷ್ಟು ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡಿದ್ದರು! ಕುಳಿಯಲ್ಲಿ ಚಿಟಿಕೆ ಉಪ್ಪು ಹಾಕಿಟ್ಟುಕೊಳ್ಳುತ್ತಿದ್ದರು. ಇಡೀ ಗುಡ್ಡದಲ್ಲಿ ಇದು ನನ್ನದು ಅನಿಸಿದ್ದು ಅದೊಂದೇ ಜಾಗ.

"ಅಮ್ಮ ಈ ಸಲ ಬರ್ತೀನಿ ಅಂದಿದ್ದಾರೆ ಮೇಡಂ. ನಾನು ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ ಅಂದೆ. ನಿಮಗೆ ಮೊದಲೇ ಹೇಳ್ಬೇಡ ಅಂದ್ರು, ಆದರೆ ಕೆಂಪು ಗೂಟ ಇದೆಯಲ್ಲ..." ಹುಡುಗಿ ನಕ್ಷೆಯ ಮೇಲಿನ ಕೆಂಪು ಚುಕ್ಕೆಗಳ ಮೇಲೆ ಬೆರಳಿಟ್ಟಳು. "ಅಲ್ಲಿ ನಿಜವಾಗ್ಲೂ ಸಿಡಿಯದ ಗುಂಡು ಇದೆಯಾ ಮೇಡಂ?"

ಕೆಂಪು ಗೂಟದ ಗುಟ್ಟು ತಿಳಿದವರು ಇಬ್ಬರೇ. ಅವರಲ್ಲಿ ಒಬ್ಬರು, ರೇಂಜನ್ನು ನೋಡಿಕೊಳ್ಳುತ್ತಿದ್ದ ಹಳೆಯ ಮೀಸೆ ಮೇಜರ್, ತೀರಿಹೋಗಿ ಬಹಳ ಕಾಲವಾಗಿತ್ತು. ಮೊದಮೊದಲು ಮೇಡಂ ಹಳೆಯ ಗೋಡೆಗಳ ಪಕ್ಕ, ಇದು ಪುರಾತನ, ದಯವಿಟ್ಟು ಮುಟ್ಟಬೇಡಿ, ಎಂದು ಫಲಕ ಹಾಕಿಸಿದ್ದರು. ಸಿಪಾಯಿಗಳು ಆ ಫಲಕಕ್ಕೇ ಗುರಿ ಹಿಡಿದು ಹೊಡೆದರು. ಟ್ಯಾಂಕಿನವರು ಗೋಡೆಗೆ ಒರಗಿಸಿ ಟ್ಯಾಂಕು ನಿಲ್ಲಿಸಿದರು. ಕಣ್ಣೀರು ಹಾಕಿಕೊಂಡು ಹೋದ ಮೇಡಂಗೆ ಮೀಸೆ ಮೇಜರ್ ಹೇಳಿದ್ದರು: "ಸಿಪಾಯಿ ಹಳೇದಕ್ಕೆ ಹೆದರಲ್ಲಮ್ಮ, ಸಾಯೋದಕ್ಕೆ ಹೆದರ್ತಾನೆ. ಸುತ್ತ ಕೆಂಪು ಗೂಟ ನೆಡು." ಕೆಂಪು ಗೂಟವೆಂದರೆ ಸಿಡಿಯದ ಗುಂಡು ಮಣ್ಣಲ್ಲಿದೆ ಎಂದರ್ಥ. ಅಲ್ಲಿಂದ ಮೇಲೆ ಆ ಗೋಡೆಗಳ ಹತ್ತಿರ ಒಬ್ಬನೂ ಸುಳಿಯಲಿಲ್ಲ. ರೇಂಜಿನಲ್ಲಿ ನಿಜದ ಕೆಂಪು ಗೂಟಗಳೂ ಇದ್ದವು, ಸುಳ್ಳಿನವೂ ಇದ್ದವು. ಯಾವುದು ಯಾವುದೆಂದು ಹೇಳಬಲ್ಲವರು ಮೇಡಂ ಒಬ್ಬರೇ.

ಇಲ್ಲ ಅನ್ನಬಹುದಿತ್ತು. ಬಾಗಿಲು ಮುಚ್ಚಿ ಕೂರಿಸಿ, ನೋಡು ಮಗಳೇ ವಿಷಯ ಹೀಗೆ, ಅನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಕಣ್ಣ ಮುಂದೆ ಅಮ್ಮ ಆ ಹುಡುಗಿಯ ತೋಳಿಗೆ ಒರಗಿ ಗುಡ್ಡ ಹತ್ತುತ್ತಿದ್ದಳು, ಹೊಸ್ತಿಲ ಮೇಲೆ ಇಬ್ಬರೂ ಅಂಟಿಕೊಂಡು ಕೂತು ನಗುತ್ತಿದ್ದರು.

"ಇದೆ," ಅಂದರು ಕಲ್ಲು ಮೇಡಂ. "ಆ ಕಡೆ ಯಾರೂ ಹೋಗೋ ಹಾಗಿಲ್ಲ."

*

ಮನೆಗೆ ಬಂದಾಗ ಅಮ್ಮ ಕಪಾಟಿನ ಮುಂದೆ ನೆಲದ ಮೇಲೆ ಕೂತು, ಎಂದೂ ಹೊದೆಯದ ಒಳ್ಳೆಯ ಶಾಲನ್ನು ಮತ್ತೆ ಮಡಿಸಿ ಒಳಗಿಡುತ್ತಿದ್ದಳು. ಸುದ್ದಿ ಆಗಲೇ ತಲುಪಿತ್ತು. ಅವಳೇನೂ ಅಳುತ್ತಿರಲಿಲ್ಲ. ಮಡಿಕೆ ಮಾತ್ರ ಸರಿಯಾಗಿ ಕೂರದೆ, ಬಿಚ್ಚಿ ಬಿಚ್ಚಿ ಮಡಿಸುತ್ತಿದ್ದಳು.

"ನನಗೆ ಯಾಕೆ ಹೇಳಲಿಲ್ಲ?" ಅಂದರು ಮೇಡಂ. ಸಮಾಧಾನದ ಮಾತೊಂದು ಆಡಬೇಕೆಂದುಕೊಂಡೇ ಬಂದಿದ್ದರು. ಬಾಯಿಂದ ಬಂದದ್ದು ಇದು. "ಎಷ್ಟು ಸಲ ಕೇಳಿದೀನಿ ನಿನ್ನ. ಅವಳು ಯಾವಳು ಅಂತ ಅವಳ ಹತ್ತಿರ..."

"ನೀನು ಏನು ಕೇಳ್ತಿದ್ದೆ? ಗೋಡೆ ಎಷ್ಟು ದಪ್ಪ, ಮಾಡಿಗೆ ಯಾವ ಮರ, ಯಾವಾಗ ಕಟ್ಟಿದ್ದು. ನನಗೇನು ಗೊತ್ತು, ನಾನು ಆಗ ಹಾಲು ಹಲ್ಲು ಬೀಳೋ ಮಗು." ಅಮ್ಮ ಶಾಲನ್ನು ಮೊಣಕಾಲ ಮೇಲೆ ತಟ್ಟಿದಳು. "ಅವಳು, ನೀವು ಯಾರ ಪಕ್ಕ ಮಲಗ್ತಿದ್ರಿ ಅಂದಳು. ಹೇಳಿದೆ."

"ಊರು ಖಾಲಿ ಮಾಡಿಸಿದವರ ಸಂಬಳ ನಾನು ತಿಂತೀನಿ ಅಂತ ನಿನಗೆ ಕೋಪ. ಅದು ಹೇಳು."

"ಕೋಪ ಇದ್ದಿದ್ರೆ ಆ ಸಂಬಳದ ಅನ್ನ ಇಷ್ಟು ವರ್ಷ ತಿಂತಿದ್ನಾ?" ಅಮ್ಮ ಗೋಡೆ ಹಿಡಿದು ಎದ್ದಳು. "ಹೋಗ್ಲಿ ಬಿಡು. ಗುಂಡು ಇದೆ ಅಂತ ನೀನೇ ಹೇಳಿದ ಮೇಲೆ ಇದ್ದೇ ಇರುತ್ತೆ. ನೀನು ಸುಳ್ಳು ಹೇಳೋಳಲ್ಲ."

*

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹುಡುಗಿ ಕೈಕಟ್ಟಿ ಕೂರುವ ಜಾತಿಯವಳಲ್ಲ. ನೇರ ಹೊಸ ಮೇಜರ್ ಹತ್ತಿರ ಹೋಗಿ, ವಯಸ್ಸಾದವರೊಬ್ಬರು ಸಾಯುವ ಮುಂಚೆ ಹುಟ್ಟಿದ ಮನೆ ನೋಡಬೇಕು, ಬಾಂಬ್ ದಳ ಕಳಿಸಿ ಜಾಗ ಶುದ್ಧ ಮಾಡಿಸಿಕೊಡಿ ಎಂದು ಬೇಡಿಕೊಂಡಿದ್ದಳು. ಮೇಜರ್ ಕರಗಿದ್ದ. ಕರಗಿದವನು ಕೆಲಸವನ್ನು ತನ್ನ ರೀತಿಯಲ್ಲೇ ಮಾಡಲು ಹೊರಟಿದ್ದ.

ಹಳೆ ಊರಿನವರು ಬರುವ ಹಿಂದಿನ ದಿನ ಹುಡುಗಿ ಏದುಸಿರು ಬಿಡುತ್ತ ಆಫೀಸಿಗೆ ಬಂದಳು. ಅಂದು ಅವಳ ಮುಖ ಅರಳಿರಲಿಲ್ಲ.

"ಮೇಡಂ, ಅವರು ಹುಡುಕಲ್ವಂತೆ. ಗುಡ್ಡದ ತುಂಬ ಹಳೆ ಗುಂಡಿನ ಚೂರು, ಯಂತ್ರ ಎಲ್ಲಿಟ್ರೂ ಕೂಗುತ್ತಂತೆ. ಅದಕ್ಕೆ ಗೋಡೆ ಒಳಗೆಲ್ಲ ಮದ್ದಿಟ್ಟು ಒಟ್ಟಿಗೆ ಸಿಡಿಸಿಬಿಡ್ತಾರಂತೆ! ನಿಮ್ಮ ವಿಭಾಗದವರೇ ಗುಂಡಿದೆ ಅಂದಿದ್ದಾರೆ, ಜನರ ಜೀವಕ್ಕಿಂತ ಗೋಡೆ ದೊಡ್ಡದಾ ಅಂತಾರೆ. ಮದ್ದು ತಗೊಂಡು ಹೋಗಾಯ್ತು." ಅವಳು ಕುರ್ಚಿ ಹಿಡಿದುಕೊಂಡಳು. "ನನ್ನಿಂದಲೇ ಆಯ್ತು ಇದು. ಅಮ್ಮನಿಗೆ ಯಾವ ಮುಖ ಇಟ್ಕೊಂಡು ಹೇಳ್ಲಿ?"

ಮೇಡಂ ಕೂತಲ್ಲೇ ಕೂತಿದ್ದರು. ಹೌದು, ಇವಳಿಂದಲೇ. ಎಲ್ಲರೂ ಹಾಗೇ ಅನ್ನುತ್ತಾರೆ. ಅಮ್ಮನೂ ಅನ್ನುತ್ತಾಳೆ. ಬೇಡವೆಂದರೂ ಮೂಗು ತೂರಿಸಿ ನನ್ನ ಮನೆ ಹಾಳು ಮಾಡಿದಳು ಎಂದು ಅಮ್ಮ ಇವಳಿಗೆ ಬಾಗಿಲು ಹಾಕುತ್ತಾಳೆ. ಮತ್ತೆ ಸಂಜೆಗಳಲ್ಲಿ ಮನೆಯ ಹೊರಗೆ ಒಂದೇ ಜೊತೆ ಚಪ್ಪಲಿ. ತಾವೇನೂ ಮಾಡಬೇಕಾಗಿಲ್ಲ, ಸುಮ್ಮನೆ ಕೂತಿದ್ದರೆ ಸಾಕು.

ಆ ಯೋಚನೆ ಬಾಯಲ್ಲಿ ಸಿಹಿಯಾಗಿತ್ತು. ಒಂದು ಗಳಿಗೆ ಅದನ್ನು ಚಪ್ಪರಿಸಿದ್ದೂ ನಿಜ. ಆಮೇಲೆ ಮಧ್ಯಾಹ್ನದ ಬಿಸಿಲಿಗೆ ಕಾದ ಹೊಸ್ತಿಲು ತೊಡೆಯಡಿ ಬೆಚ್ಚಗೆ ತಾಗಿದ ಹಾಗಾಯಿತು.

"ಜೀಪ್ ತೆಗಿ," ಅಂದರು.

ಗುಡ್ಡದ ಮೇಲೆ ಬಾಂಬ್ ದಳದವರು ಗೂಟಗಳ ಹೊರಗೇ ಮದ್ದಿನ ಪೆಟ್ಟಿಗೆ ಇಳಿಸಿ, ತಂತಿ ಬಿಚ್ಚುತ್ತಿದ್ದರು. ಮೇಜರ್ ಕೈ ಅಡ್ಡ ಮಾಡಿ, "ಮೇಡಂ, ಇಲ್ಲಿಂದಾಚೆ ಬೇಡ," ಅಂದ.

ಮೇಡಂ ಅವನ ಕೈಯನ್ನು ಬಾಗಿಲ ಪರದೆ ಸರಿಸುವ ಹಾಗೆ ಸರಿಸಿ, ಕೆಂಪು ಗೂಟ ದಾಟಿದರು.

"ಮೇಡಂ! ನಿಲ್ಲಿ! ಯಾರಾದ್ರೂ ಹಿಡೀರಿ ಅವರನ್ನ!"

ಯಾರೂ ಹಿಡಿಯಲಿಲ್ಲ. ಹಿಡಿಯಬೇಕೆಂದರೆ ಗೂಟ ದಾಟಬೇಕಿತ್ತಲ್ಲ. ಮೇಡಂ ಮುಳ್ಳು ಸರಿಸುತ್ತ, ಎಲ್ಲಿ ಕಲ್ಲು ಜಾರುತ್ತದೆ ಎಲ್ಲಿ ಇಲ್ಲ ಎಂದು ಕಾಲಿಗೇ ಗೊತ್ತಿರುವವರ ಹಾಗೆ ನಡೆದು ಹೋಗಿ, ಹೊಸ್ತಿಲ ಮೇಲೆ ಕೂತರು. ಎರಡೂ ಅಂಗಾಲು ಎತ್ತಿ ದಡಬಡನೆ ನೆಲಕ್ಕೆ ಬಡಿದರು. ದಳದವರೆಲ್ಲ ಕಿವಿ ಮುಚ್ಚಿಕೊಂಡರು. ಒಂದು ಹಕ್ಕಿ ಹಾರಿತು, ಅಷ್ಟೆ.

"ಇಲ್ಲಿ ಏನೂ ಇಲ್ಲ," ಅಂದರು ಮೇಡಂ. "ಯಾವತ್ತೂ ಇರಲಿಲ್ಲ. ಗೂಟ ನೆಟ್ಟಿದ್ದು ನಾನು."

ಮೇಜರ್ ಮುಖ ಗೂಟಕ್ಕಿಂತ ಕೆಂಪಾಯಿತು. ಅವನು ಏನೇನೋ ಕೂಗಿದ. ತನಿಖೆ, ಶಿಸ್ತು, ಬೇರೆ ಎಷ್ಟು ಕಡೆ ಹೀಗೆ, ಎಂದೆಲ್ಲ. ಅದು ಯಾವುದೂ ಮೇಡಂಗೆ ಸರಿಯಾಗಿ ಕೇಳಲಿಲ್ಲ. ಗೂಟದಾಚೆ ಹುಡುಗಿ ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಆ ದಿನ ನಕ್ಷೆಯ ಮುಂದೆ ತಾನು ಕೇಳಿದ ಪ್ರಶ್ನೆ, ಬಂದ ಉತ್ತರ, ಎರಡನ್ನೂ ಅವಳು ಒಂದಕ್ಕೊಂದು ಜೋಡಿಸುತ್ತಿರುವುದು ಇಷ್ಟು ದೂರಕ್ಕೂ ಕಾಣುತ್ತಿತ್ತು. ಅವಳು ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ತಿರುಗಿ ಜೀಪಿನ ಕಡೆ ನಡೆದಳು.

*

ತನಿಖೆ ಮುಗಿಯುವ ತನಕ ವಿಭಾಗವನ್ನು ಹುಡುಗಿಯೇ ನೋಡಿಕೊಳ್ಳಬೇಕೆಂದು ಸಂಜೆಯೊಳಗೆ ಆಜ್ಞೆ ಬಂತು. ಮೇಡಂಗೆ ಉಳಿದ ಕೆಲಸ, ತಾವು ನೆಟ್ಟ ಸುಳ್ಳು ಗೂಟಗಳನ್ನು ತಾವೇ ತೋರಿಸಿ ಕೀಳುವುದು.

ಹಾಗಾಗಿ ಹಳೆ ಊರಿನವರ ದಿನ ಅವರು ಕೈಯಲ್ಲಿ ಹಾರೆ ಹಿಡಿದು ಗುಡ್ಡದ ಮೇಲಿದ್ದರು. ಕೆಳಗೆ ಬಾವಿಯ ಕಡೆಯಿಂದ ಅಮ್ಮ ಬರುತ್ತಿದ್ದಳು, ಒಳ್ಳೆಯ ಶಾಲು ಹೊದ್ದು, ಹುಡುಗಿಯ ತೋಳು ಹಿಡಿದು. ಮಂಡಿನೋವು ಅಂದು ಎಲ್ಲಿ ಹೋಗಿತ್ತೋ. ಮಗಳ ಪಕ್ಕದಲ್ಲಿ ಹಾದುಹೋಗುವಾಗ ಅಮ್ಮ ನಿಂತು, ಕಿತ್ತು ಬಿಸಾಡಿದ ಗೂಟಗಳನ್ನು ನೋಡಿ, ಮಗಳನ್ನು ನೋಡಿದಳು.

"ಊಟ ತಂದಿದೀಯಾ?"

"ಇಲ್ಲ."

"ಇವಳು ತಂದಿದಾಳೆ," ಅಂದು ಮುಂದೆ ಹೋದಳು.

ಹೊಸ್ತಿಲ ಹತ್ತಿರ ಬಂದು ಅವಳು ಗೋಡೆ ಹಿಡಿದುಕೊಂಡಳು. ಆಮೇಲೆ ಬಾಗಿ, ಕೈಯಲ್ಲಿ ತಡವರಿಸಿ, ಕುಳಿಯೊಳಗೆ ಹೆಬ್ಬೆಟ್ಟು ಇಟ್ಟಳು. ಹೆಬ್ಬೆಟ್ಟು ಅದರಲ್ಲಿ ಕೂರಲಿಲ್ಲ, ದೊಡ್ಡದಾಗಿತ್ತು. ಅಮ್ಮ ನಕ್ಕಳು. ಹುಡುಗಿಯೂ ನಕ್ಕಳು. ಇಬ್ಬರೂ ಕೂತರು. ಹುಡುಗಿ ಬಲಕ್ಕೆ, ಅಮ್ಮ ನಡುವಿಗೆ. ಇಲ್ಲಿ ಒಲೆ, ಇಲ್ಲಿ ನಾವೆಲ್ಲ ಸಾಲಾಗಿ ಮಲಗೋದು, ಗೋಡೆ ಕಡೆ ನಾನು, ಎಂದು ಅಮ್ಮನ ಕೈ ಗಾಳಿಯಲ್ಲಿ ಮನೆ ಕಟ್ಟುತ್ತಿತ್ತು. ಹುಡುಗಿ ತಲೆಯಾಡಿಸುತ್ತಿದ್ದಳು. ಮೇಡಂ ಕಡೆ ಅವಳು ಬೆಳಗಿನಿಂದ ತಿರುಗಿ ನೋಡಿರಲಿಲ್ಲ.

ಕೊನೆಯ ಗೂಟ ಆಳವಾಗಿ ನಾಟಿತ್ತು. ಮೇಡಂ ಹಾರೆ ಬದಿಗಿಟ್ಟು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಬಿಸಿಲಿಗೆ ಪುಡಿಯಾದ ಕೆಂಪು ಬಣ್ಣ ಅಂಗೈಗೆಲ್ಲ ಹತ್ತಿತು. ಆ ಹೊತ್ತಿಗೆ ಅಮ್ಮ, ಮಾತು ನಿಲ್ಲಿಸದೆ, ಈ ಕಡೆ ನೋಡದೆ, ಕೂತಲ್ಲೇ ಹುಡುಗಿಯ ಕಡೆಗೆ ಒಂದಿಷ್ಟು ಸರಿದಳು. ಅವಳ ಎಡಕ್ಕೆ ಹೊಸ್ತಿಲ ಕಲ್ಲು, ಒಬ್ಬರು ಕೂರುವಷ್ಟು, ಖಾಲಿಯಾಗಿ ಬಿಸಿಲಲ್ಲಿ ಬಿದ್ದಿತ್ತು.

ಮೇಡಂ ಅದನ್ನು ನೋಡಿದರು. ಗೂಟ ಅಲ್ಲಾಡುತ್ತಿತ್ತು, ಬರುತ್ತಿರಲಿಲ್ಲ.