ಸಿಕ್ತು ಅಂದವನ ತಂಗಿ

ಹೆಬ್ಬೆರಳೆತ್ತಿದ ಮೇಲೂ ಒಸಡು ಬಿಳಿ, ಒತ್ತಿದ ಅಚ್ಚು ಹಾಗೇ ಇದೆ, ಕೆಂಪು ಮರಳುತ್ತಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಮರಳಬೇಕಿತ್ತು — ಸ್ಟೀಲ್ ಮೇಜಿನ ಮೇಲೆ ಸೋಮಾರಿ ಮಲಗಿದೆ, ಇಂಥ ಹೆಸರಿಟ್ಟರೆ ನಾಯಿ ಸಾಯಲು ಮಲಗಿದರೂ ಯಾರಿಗೆ ಅನುಮಾನ ಬಂದೀತು, ಆದರೂ ಇದನ್ನು ಸಾಕಿದ ದರ್ಜಿ ಹೆಂಗಸಿಗೆ ಬಂದಿತ್ತು, ಬಾಗಿಲಲ್ಲಿ ನಿಂತು ಅಳತೆ ಟೇಪನ್ನು ಸುತ್ತುತ್ತಾಳೆ ಬಿಚ್ಚುತ್ತಾಳೆ, ಹೋದ ವಾರವೇ ಹೇಳಿದ್ದಳಂತೆ, ಉಚ್ಚೆ ಕಡು ಟೀ ಬಣ್ಣ ಬರ್ತಿದೆ ಡಾಕ್ಟ್ರೇ ಅಂತ, ಯಾರಿಗೆ, ಅಣ್ಣನಿಗೆ, ಈ ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ, ಅವನಿಗೋ ರಕ್ತ ಪರೀಕ್ಷೆಯ ಕಿಟ್‌ನಲ್ಲಿ ಗೆರೆ ಮೂಡಿದ್ದೇ ತಡ, ಉಣ್ಣಿಜ್ವರ, ಸಿಕ್ತು ಬಿಡಿ, ಮಾತ್ರೆ ಕೊಡಿ, ನಡೀರಿ. ಸಿಕ್ತು. ಆ ಪದ ಕೇಳಿದರೆ ಇಲ್ಲಿ ಚಿಕ್ಕ ಡಾಕ್ಟರಾಗಿರುವ ಅವನ ತಂಗಿಗೆ ಮೈಯೆಲ್ಲ ಉರಿಯುತ್ತದೆ, ಚಿಕ್ಕಂದಿನ ಕಣ್ಣಾಮುಚ್ಚಾಲೆಯಲ್ಲೂ ಅಷ್ಟೇ, ಮೊದಲು ಕಂಡವರನ್ನು ಹಿಡಿದು ಸಿಕ್ತು ಎಂದು ಕೂಗಿ ಮನೆಗೆ ಹೋಗಿ ಊಟಕ್ಕೆ ಕೂತುಬಿಡುತ್ತಿದ್ದ, ನೀರಿನ ತೊಟ್ಟಿಯ ಹಿಂದೆ ತಂಗಿ ಸೊಳ್ಳೆ ಕಚ್ಚಿಸಿಕೊಳ್ಳುತ್ತ ಉಸಿರು ಬಿಗಿಹಿಡಿದು ಕೂತಿದ್ದಳು, ಅಮ್ಮ ಬಂದು ಕರೆಯುವವರೆಗೆ ಕೂತೇ ಇದ್ದಳು, ಅವನಿಗೆ ನೆನಪೇ ಇಲ್ಲ, ಇನ್ನೊಬ್ಬಳು ಅಡಗಿದ್ದಾಳೆ ಅನ್ನುವುದು ಅವನ ತಲೆಗೆ ಯಾವತ್ತು ಹೊಕ್ಕಿದೆ — ಸೂಕ್ಷ್ಮದರ್ಶಕದಲ್ಲಿ ಇಂದು ಬೆಳಿಗ್ಗೆ ಅವಳಿಗೇ ಕಂಡಿತು, ಕೆಂಪು ರಕ್ತಕಣಗಳ ಒಳಗೆ ಜೋಡಿ ಜೋಡಿ ಮರಸೇಬಿನ ಆಕಾರದಲ್ಲಿ ಕೂತ ಪರೋಪಜೀವಿ, ಅದೇ ಉಣ್ಣಿ ತಂದು ಬಿಟ್ಟದ್ದು, ಅಣ್ಣನ ಮಾತ್ರೆಗೆ ಇದು ಕ್ಯಾರೇ ಅನ್ನುವುದಿಲ್ಲ, ವಾರವಿಡೀ ಕಣ ಒಡೆದು ಉಂಡಿದೆ. ಇದರ ಇಂಜೆಕ್ಷನ್ ಈಗ ಕೊಟ್ಟಾಯಿತು, ಮಾತ್ರೆಯೂ ಮುಂದುವರಿಯಬೇಕು, ಎರಡು ರೋಗಕ್ಕೆ ಎರಡು ಮದ್ದು, ಆದರೆ ಮದ್ದು ಕೆಲಸ ಮಾಡುವ ತನಕ ಮೈಯಲ್ಲಿ ರಕ್ತ ಇರಬೇಕಲ್ಲ, ಒತ್ತಿದಳು, ಎತ್ತಿದಳು, ಬಿಳಿ.

ಅಣ್ಣ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ, ಯಾಕೆ ಮುಖ ಹೀಗೆ ಮಾಡಿದೀಯ ಪುಟ್ಟಿ, ಉಣ್ಣಿಜ್ವರ ಅಂತ ಹೇಳಿದ್ನಲ್ಲ ಅಂದ, ಹೇಳಿದೀಯ ಕಣೋ, ಹೇಳಿದೀಯ, ನೀನು ಹೇಳಿದ್ದು ಸುಳ್ಳಲ್ಲ, ಅದೇ ಹೊಟ್ಟೆ ಉರಿಸೋದು, ಸುಳ್ಳಾಗಿದ್ದರೆ ನೀನೇ ಮತ್ತೆ ಹುಡುಕುತ್ತಿದ್ದೆ — ಇದೆಲ್ಲ ಬಾಯಿಗೆ ಬಂತು, ದರ್ಜಿ ಹೆಂಗಸು ನಿಂತಿದ್ದಾಳೆಂದು ನುಂಗಿದಳು. ನಿನ್ನ ನಾಯೀನ ಕರ್ಕೊಂಡು ಬಾ ಅಣ್ಣ, ಅದರ ರಕ್ತ ಇದಕ್ಕೆ ಕೊಡಬೇಕು. ಅವನು ಕಕ್ಕಾಬಿಕ್ಕಿಯಾದ, ನನ್ನ ನಾಯಿಗೆ ರೋಗ ಏನೂ ಇಲ್ಲ, ಮೊನ್ನೆ ತಾನೇ ನೋಡಿದೀನಿ ಅಂದ. ನೀನು ನೋಡಿದ್ದು ಸಾಲದು, ಅದರ ರಕ್ತ ನಾನು ನೋಡ್ತೀನಿ. ಅವನು ಸೂಕ್ಷ್ಮದರ್ಶಕಕ್ಕೆ ಬಗ್ಗಿದ, ಬಗ್ಗಿಯೇ ಇದ್ದ, ಕಿವಿ ಕೆಂಪಾಗುವುದು ಕಂಡಿತು, ಅಲ್ಲಿ ಮಾತ್ರ ರಕ್ತ ಸಲೀಸಾಗಿ ಏರುತ್ತದೆ, ಕಾರಿನ ಕೀಲಿ ತೆಗೆದುಕೊಂಡು ಓಡಿದ, ಓಡಲಿ, ಬಾಗಿಲು ಬಡಿದುಕೊಂಡಿತು, ಸೋಮಾರಿ ಬಾಲದ ತುದಿ ಒಮ್ಮೆ ಅಲ್ಲಾಡಿಸಿತು, ಬದುಕ್ತಾನಾ ಡಾಕ್ಟ್ರಮ್ಮ ಎಂದು ದರ್ಜಿ ಹೆಂಗಸು ಕೇಳಿದಳು, ತಂಗಿ ಅದರ ತುಟಿಯೆತ್ತಿ ಒಸಡು ಒತ್ತಿದಳು, ಎತ್ತಿದಳು, ಬಿಳಿ, ಬಾ, ಬೇಗ ಬಾರೋ ಅಣ್ಣ, ಇನ್ನೂ ಬಿಳಿ, ಹೆಬ್ಬೆರಳ ಅಚ್ಚಿನಷ್ಟಗಲ ಬಿಳಿ,