ಹಿಮದ ಬಾವಿ

ಕಾಪುವಿನ ಬೂಬ ಹಡಗಿನ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಗಿತ್ತು. ರಜೆಯಲ್ಲಿ ಬಂದಾಗಲೆಲ್ಲ ತಂಗಿ ವಾರಿಜಾಳಿಗೆ ಸೋಪು, ಸೆಂಟು, ನೈಲಾನ್ ಸೀರೆ ತರುತ್ತಿದ್ದ. ವಾರಿಜಾ ಕುಕ್ಕುಂದೂರಿನ ಶಾಲೆಯಲ್ಲಿ ಟೀಚರು. ಮೀನಿನ ಬುಟ್ಟಿ ಹೊರದೆ ಸಂಬಳ ತಂದ, ಆ ಮನೆಯ ಮೊದಲ ಹೆಣ್ಣು. ಎಂಬತ್ತೆರಡರ ಮಳೆಗಾಲ ಮುಗಿದು ಅವನು ಹೊರಡುವ ಮುನ್ನಾದಿನ ಆಕೆ ಹೊಸ ಸೀರೆಯನ್ನು ಮಡಚುತ್ತಾ ಕೇಳಿದಳು.

"ಇಷ್ಟು ದೇಶ ತಿರುಗಿದಿಯಲ್ಲ ಅಣ್ಣ, ಎಂತ ನೋಡಿದಿ?"

"ಬಂದರು ನೋಡಿದ್ದೇನೆ."

"ಬಂದರಿನ ಆಚೆಗೆ?"

ಬೂಬನ ಮುಖ ಸಣ್ಣದಾದದ್ದನ್ನು ಕಂಡು ವಾರಿಜಾ, "ಈ ಸಲ ನನಗೊಂದು ಎಲೆ ತಾ, ಸಾಕು. ಮಕ್ಕಳಿಗೆ ತೋರಿಸುತ್ತೇನೆ" ಎಂದಳು.

ಆ ನವೆಂಬರಿನಲ್ಲಿ ಎಂಜಿನ್ ಕೆಟ್ಟು ಹಡಗು ಬಾರ್ಸಿಲೋನಾ ಬಂದರಿನಲ್ಲಿ ಎರಡು ವಾರ ನಿಂತಿತು. ಹಡಗಿನ ಅಡುಗೆಯವ ರೊಸಾರಿಯೊ ಉಡುಪಿ ಕಡೆಯವನೇ. ಸ್ಪೇನಿನ ಬಂದರುಗಳಲ್ಲಿ ವರ್ಷಗಟ್ಟಲೆ ತರಕಾರಿ ಕೊಂಡು ಅಲ್ಲಿಯ ಭಾಷೆಯನ್ನು ಅಷ್ಟಿಷ್ಟು ಕಲಿತಿದ್ದ. ಮೋಂಟ್ಸೆನಿ ಎಂಬ ಬೆಟ್ಟಸಾಲಿನಲ್ಲಿ ಏಸುವಿನ ತುಂಬ ಹಳೆಯ ಇಗರ್ಜಿ ಉಂಟು, ಸರಕಾರ ಈಗ ಆ ಕಾಡನ್ನೆಲ್ಲ ಉದ್ಯಾನ ಮಾಡಿ ಕಾಯುತ್ತಿದೆ, ನೋಡಿ ಬರುವ ಎಂದ. ಎಲೆಯ ಆಸೆಗೆ ಬೂಬ ಹೊರಟ.

ರೈಲು, ಬಸ್ಸು, ಆಮೇಲೆ ನಡಿಗೆ. ಬೆಟ್ಟದ ಬುಡದಲ್ಲಿ ಬಾಟಲಿಗೆ ಬಿರಡೆ ಮಾಡುವ ಕಾರ್ಕ್ ಮರಗಳಿದ್ದವು. ತೊಗಟೆ ಸುಲಿದ ಕಾಂಡಗಳು ಬೇಯಿಸಿದ ಸಿಗಡಿಯಂತೆ ಕೆಂಪಗಿದ್ದವು. ಮೇಲೆ ಹೋದಂತೆ ಬೀಚ್ ಎಂಬ ಮರಗಳ ಕಾಡು. ಎಲೆಗಳೆಲ್ಲ ಹಳದಿಯಾಗಿ, ಗಾಳಿ ಬೀಸಿದಾಗ ಒಮ್ಮೆಲೇ ಉದುರುತ್ತಿದ್ದವು. ಬಿರುಗಾಳಿಯಲ್ಲಿ ಹಗ್ಗ ಎಳೆಯುವ ಬೂಬ ಇಲ್ಲಿ ಹತ್ತು ಹೆಜ್ಜೆಗೊಮ್ಮೆ ಏದುಸಿರು ಬಿಡುತ್ತಿದ್ದ. ಒಂದು ಕಡೆ ನಿಂತು, ಕೊಂಬೆಯೊಂದನ್ನು ಬಗ್ಗಿಸಿ ಮುರಿದ.

ಹಿಂದಿನಿಂದ ಯಾರೋ ಗದರಿಸಿದರು. ಅರುವತ್ತು ದಾಟಿದ ಗಿಡ್ಡ ಮನುಷ್ಯ, ತಲೆಗೆ ಟೊಪ್ಪಿ, ಕೈಯಲ್ಲಿ ದೊಣ್ಣೆ. ಉದ್ಯಾನದ ಕಾವಲುಗಾರ, ಹೆಸರು ಲೂಯಿಸ್.

"ಯಾಕೆ ಮುರಿದೆ ಅಂತ ಕೇಳ್ತಾನೆ," ಎಂದ ರೊಸಾರಿಯೊ.

"ತಂಗಿಗೆ ಅಂತ ಹೇಳು. ಮಕ್ಕಳಿಗೆ ಪಾಠ ಮಾಡುತ್ತಾಳೆ, ಎಲೆ ಕೇಳಿದ್ದಾಳೆ."

ಲೂಯಿಸ್ ನೆಲದಿಂದ ಎಲೆಗಳನ್ನು ಹೆಕ್ಕಿ, ಊದಿ, ಒರೆಸಿ, ಬೂಬನ ಅಂಗೈಯಲ್ಲಿಟ್ಟ. ಬಿದ್ದದ್ದು ಎಷ್ಟು ಬೇಕಾದರೂ ತೆಗೆದುಕೋ ಎಂದ. ತಾನೂ ಪ್ರಾಯದಲ್ಲಿ ಇಲ್ಲಿಯ ಮರ ಕಡಿದು ಇದ್ದಿಲು ಸುಟ್ಟವನೇ ಎಂದು, ಇಳಿಜಾರಿನಲ್ಲಿ ದುಂಡಗೆ ಸಮ ಮಾಡಿದ ಒಂದು ಜಾಗಕ್ಕೆ ಕರೆದೊಯ್ದ. ಕಾಲಿನಿಂದ ಕೆರೆದರೆ ಮಣ್ಣು ಇನ್ನೂ ಕಪ್ಪಗಿತ್ತು. ಚಳಿಗಾಲವೆಲ್ಲ ಅಪ್ಪನೂ ತಾನೂ ಇಲ್ಲಿಯೇ ಗುಡಿಸಲು ಹಾಕಿ ಮಲಗುತ್ತಿದ್ದೆವು ಎಂದ.

ಇನ್ನೂ ಮೇಲೆ ಕಲ್ಲು ಕಟ್ಟಿದ ದುಂಡನೆಯ ಗುಂಡಿಯೊಂದಿತ್ತು. ಒಂದು ಬದಿ ಕುಸಿದು ಒಳಗೆ ತರಗೆಲೆ ತುಂಬಿತ್ತು.

"ಬಾವಿಯಾ?" ಎಂದು ಕೇಳಿದ ಬೂಬ.

"ನೀರಿನದ್ದಲ್ಲವಂತೆ, ಹಿಮದ ಬಾವಿಯಂತೆ," ಎಂದ ರೊಸಾರಿಯೊ. "ಇವನ ಅಜ್ಜನ ಕಾಲದಲ್ಲಿ ಬಿದ್ದ ಹಿಮವನ್ನು ಇದರೊಳಗೆ ತುಳಿದು ತುಂಬಿಸಿ, ನಡುನಡುವೆ ಸೊಪ್ಪು ಹಾಸಿ ಮುಚ್ಚಿಡುತ್ತಿದ್ದರಂತೆ. ಬೇಸಿಗೆಯಲ್ಲಿ ಕತ್ತೆಯ ಮೇಲೆ ಹೇರಿ ಪಟ್ಟಣಕ್ಕೆ ಸಾಗಿಸುವುದು."

ಬೂಬನ ಮುಖ ಅರಳಿತು. "ನನ್ನ ಅಮ್ಮ ಮೀನಿಗೆ ಐಸ್ ಇಡುವುದೂ ಹೀಗೆಯೇ ಅಲ್ವಾ! ಕೆಳಗೆ ಉಮಿ, ಮೇಲೆ ಐಸ್, ಮತ್ತೆ ಉಮಿ, ಮೇಲಿಂದ ಗೋಣಿ." ಹೇಳಿ ಮುಗಿಸುವ ಮೊದಲೇ ಕುಸಿದ ಬದಿಯಿಂದ ಗುಂಡಿಗಿಳಿದ. ತರಗೆಲೆಯನ್ನು ಪದರ ಪದರವಾಗಿ ಹಾಸಿ ಅಮ್ಮನ ಹಾಗೆ ಅಂಗೈಯಿಂದ ಒತ್ತಿ ತೋರಿಸಿದ. ಲೂಯಿಸ್ ತಲೆಯಲ್ಲಾಡಿಸಿ, ಹಾಗಲ್ಲ ಎಂದು ದೊಣ್ಣೆ ಬದಿಗಿಟ್ಟು ತಾನೂ ಇಳಿದ. ಹಿಮವನ್ನು ಕಾಲಿನಿಂದ ತುಳಿಯಬೇಕು. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು, ಎಲೆ ತುಳಿಯುತ್ತಾ ಸುತ್ತು ಬಂದರು. ಮೇಲೆ ಕೂತ ರೊಸಾರಿಯೊ ಇಗರ್ಜಿಯ ಆಸೆ ಬಿಟ್ಟು ಬೀಡಿ ಹಚ್ಚಿದ.

ಸಂಜೆಯ ಬಸ್ಸಿಗೆ ಮುಂಚೆ ಲೂಯಿಸನ ಮನೆಯಲ್ಲಿ ಅವನ ಹೆಂಡತಿ, ಬರ್ತಾ ಎಂಬಾಕೆ, ಚೆಸ್ಟ್‌ನಟ್ ಸುಟ್ಟು ಕೊಟ್ಟಳು. ಬೂಬನಿಗೆ ಅದು ಹಲಸಿನ ಬೀಜದಂತೆಯೇ ರುಚಿಸಿತು. ಆಕೆ ಎಲೆಗಳನ್ನು ಹಳೆಯ ಕ್ಯಾಲೆಂಡರಿನ ಹಾಳೆಗಳ ನಡುವೆ ಜೋಡಿಸಿ, ದಾರ ಕಟ್ಟಿ, ತಂಗಿಯ ಹೆಸರು ಕೇಳಿ ಮೇಲೆ ಬರೆದಳು. ತನ್ನ ತಂಗಿಯ ಹೆಸರನ್ನು ಆ ಬೆಟ್ಟದಲ್ಲಿ ಒಬ್ಬಳು ಬಾಯಿತುಂಬ ಹೇಳಿದ್ದು ಕೇಳಿ ಬೂಬ ಇನ್ನೊಮ್ಮೆ ಹೇಳಿಸಿದ.

ಫೆಬ್ರವರಿಯಲ್ಲಿ ರಜೆಗೆ ಬಂದ ಬೂಬನನ್ನು ವಾರಿಜಾ ತನ್ನ ತರಗತಿಗೇ ಕರೆದೊಯ್ದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ಮೇಜಿನ ಪಕ್ಕ ಬೆವರುತ್ತಾ ನಿಂತ. ಎರಡು ವಾಕ್ಯಕ್ಕೆ ಅವನ ಕನ್ನಡ ಮುಗಿಯಿತು. ಕಸದ ಬುಟ್ಟಿಗೆ ತರಗೆಲೆ ತುಂಬಿಸಿ ಹಿಮ ತುಳಿಯುವುದನ್ನು ತೋರಿಸತೊಡಗಿದ ಮೇಲೆ ತುಳುವಿನಲ್ಲೇ ಮಾತು ಹರಿಯಿತು.

"ಕಾವಲಿನವರು ಬೈದದ್ದಕ್ಕೆ ನಿಮಗೆ ಬೇಜಾರಾಗಲಿಲ್ಲವಾ?" ಎಂದು ಎರಡು ಜಡೆಯ ಹುಡುಗಿ ಕೇಳಿದಳು.

"ಆಯಿತು. ಆದರೆ ಅದು ಅವನು ಕಾಯುವ ಮರ ಅಲ್ವಾ ಮಗಾ."

ಶಾಲೆ ಬಿಟ್ಟ ಮೇಲೆ ಅಣ್ಣ ತಂಗಿ ಕುಕ್ಕುಂದೂರಿನ ಬಳಿಯ ಕಲ್ಲುಗುಡ್ಡ ಹತ್ತಿದರು. ಬೂಬ ಬಸ್ಸಿನಿಂದ ಎಷ್ಟೋ ಸಲ ಕಂಡಿದ್ದ ಗುಡ್ಡ. ಕಾಲಿಟ್ಟದ್ದು ಇದೇ ಮೊದಲು. ಕೇಪಳದ ಹೂ ಕೆಂಪಗೆ ಬಿಟ್ಟಿತ್ತು. ವಾರಿಜಾ ಒಂದೊಂದೇ ಗಿಡದ ಹೆಸರು ಹೇಳುತ್ತಾ, ಅವನು ಹಿಂದೆ ಬಿದ್ದಾಗ ಕಾಯುತ್ತಾ ನಡೆದಳು. ತುದಿಯ ಬಂಡೆಯ ಮೇಲೆ ಸಾಲಾಗಿ, ಒಂದೇ ಅಳತೆಯ ಚೌಕನೆಯ ತೂತುಗಳಿದ್ದವು. ಬೂಬ ಕುಕ್ಕರಗಾಲಿನಲ್ಲಿ ಕೂತು ಬೆರಳಿಟ್ಟು ನೋಡಿದ.

"ಯಾರು ಕೊರೆದದ್ದು ಇದು?"

"ಹಿಂದಿನವರು ಕಲ್ಲು ಸೀಳಲಿಕ್ಕೆ ಕೊರೆದದ್ದು. ಯಾರು ಅಂತ ಗೊತ್ತಿಲ್ಲ ಅಣ್ಣ, ನಾನು ಕೇಳಿಯೇ ಇಲ್ಲ. ಕೆಳಗೆ ಅಂಗಾರಜ್ಜ ಇದ್ದಾರೆ. ಅವರ ಮನೆಯವರು ಕಲ್ಲಿನ ಕೆಲಸದವರಂತೆ."

"ಮನೆಯಲ್ಲಿ ಇರುತ್ತಾರಾ ಈಗ?"

"ಇರುತ್ತಾರೆ."

ಬೂಬ ಮೊಣಕಾಲಿಗೆ ಕೈಯೂರಿ ಎದ್ದ. ಅಂಗಾರಜ್ಜನ ಮನೆಯತ್ತ ಇಳಿಯುವಾಗ ಕಾಲು ಜಾರೀತೆಂದು ವಾರಿಜಾ ಅವನ ಕೈ ಹಿಡಿದುಕೊಂಡಳು.